ಹಾಟ್ ಡಾಗ್ ಸುಡುವ ಮುನ್ನ ಪ್ಯಾಕೆಟ್ ತಿರುಗಿಸಿ ನೋಡಿ

ಗ್ರಿಲ್ ಮೇಲೆ ಚುಂಯ್ ಅನ್ನೋ ಸಾಸೇಜಿನ ವಾಸನೆ ಬಂದರೆ ನಾವು ಕ್ಯಾಲೊರಿ ಬಗ್ಗೆ ಯೋಚಿಸ್ತೀವಿ, ಉಪ್ಪಿನ ಬಗ್ಗೆ ಅಲ್ಲ. ಆದರೆ ನನಗೀಗ ಮುಖ್ಯವಾಗಿರೋದು ಉಪ್ಪೇ. ಐಹೊಳೆಯಿಂದ ಅಪ್ಪ ಬೆಂಗಳೂರಿಗೆ ಬರ್ತಿದ್ದಾರೆ. ಅವರಿಗೆ ಬಿಪಿ. ಫೋನಿನಲ್ಲೇ ಹೇಳಿದ್ದಾರೆ: "ತಮ್ಮಾ, ನೀ ತಿನ್ನೂದು ನನಗೂ ಒಂದ್ ಕೊಡು."

ಸರಿ, ಲೆಕ್ಕ ಹಾಕೋಣ. ಸುಮಾರು 50 ಗ್ರಾಂನ ಒಂದು ಸಾಸೇಜಿನಲ್ಲಿ ಹೆಚ್ಚುಕಡಿಮೆ 150 ಕ್ಯಾಲೊರಿ, 13 ಗ್ರಾಂ ಕೊಬ್ಬು ಇರುತ್ತೆ. ಪ್ರೋಟೀನ್ ಬರೀ 5-6 ಗ್ರಾಂ, ಅಂದ್ರೆ ಒಂದು ಮೊಟ್ಟೆಯಷ್ಟು. ಸೋಡಿಯಂ ಸುಮಾರು 500 ಮಿಲಿಗ್ರಾಂ. ಬನ್, ಸಾಸ್ ಸೇರಿದರೆ ಎರಡು ಗ್ರಾಂ ಉಪ್ಪಿನ ಹತ್ತಿರ ಹೋಗುತ್ತೆ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಹಾಟ್ ಡಾಗ್ ತಿಂದರೆ ದಿನದ ಕೋಟಾ ಬಹುತೇಕ ಮುಗೀತು.

"ನಂದು ಚಿಕನ್" ಅಂತೀರಾ? ಕೊಬ್ಬು ಕಡಿಮೆಯಾಗಬಹುದು, ಆದರೆ ಉಪ್ಪು ಸಾಮಾನ್ಯವಾಗಿ ಅಷ್ಟೇ ಇರುತ್ತೆ.

ಇನ್ನೊಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಹೆಚ್ಚು. ನೂರರಲ್ಲಿ 18 ಜನಕ್ಕೆ ಬರುತ್ತೆ ಅಂತಲ್ಲ. ಈಗಿರುವ ಅಪಾಯ ಅಷ್ಟು ಪಾಲು ಏರುತ್ತೆ. ಇಲ್ಲಿ 'ದಿನಾ' ಅನ್ನೋದೇ ಮುಖ್ಯ. ಎಂದೋ ಒಮ್ಮೆ ತಿಂದರೆ ಗಾಬರಿ ಬೇಡ.

ಹಾಗಾದ್ರೆ ಸುಡೋದೇ ತಪ್ಪಾ? ನಮ್ಮ ಕಡೆ ಚಳಿಗಾಲದಲ್ಲಿ ಹೊಲದಲ್ಲೇ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ ಕಾಳು ಬಿಡಿಸಿ, ಸೀತನಿ ಅಂತ ತಿಂತೀವಿ. ಅದೂ ಬೆಂಕಿಯದ್ದೇ ಅಡುಗೆ. ಆದರೆ ಅದರಲ್ಲಿ ನಾರಿನಂಶ ಇದೆ, ಉಪ್ಪು ನಾವು ಹಾಕಿದಷ್ಟೇ. ಸಾಸೇಜಿನ ಕಥೆ ಬೇರೆ: ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆ, ವಿಪರೀತ ಶಾಖಕ್ಕೆ ಕರಕಲಾದ ಮಾಂಸ, ಎರಡರಲ್ಲೂ ಹಾನಿಕಾರಕ ರಾಸಾಯನಿಕಗಳು ಹುಟ್ಟುತ್ತವೆ.

ಆಸೆ ಆದಾಗ ಹೀಗೆ ಮಾಡಿ:

• ಪ್ಯಾಕೆಟ್ ಹಿಂದೆ ಸೋಡಿಯಂ ನೋಡಿ. ಎರಡು ಬ್ರ್ಯಾಂಡ್ ಹೋಲಿಸಿ, ಕಡಿಮೆ ಇರೋದನ್ನ ತಗೊಳ್ಳಿ.
• ಸಾಮಾನ್ಯವಾಗಿ ಸಾಸೇಜ್ ಮೊದಲೇ ಬೆಂದಿರುತ್ತೆ. ಮಧ್ಯಮ ಉರಿಯಲ್ಲಿ ತಿರುಗಿಸುತ್ತಾ ಒಳಗಿನವರೆಗೂ ಬಿಸಿ ಮಾಡಿ, ಕಪ್ಪಾಗಿಸಬೇಡಿ.
• ಒಂದೇ ಸಾಕು. ಸಾಸ್ ಕಡಿಮೆ, ಈರುಳ್ಳಿ, ಸೌತೆಕಾಯಿ ಜಾಸ್ತಿ.

ಅಪ್ಪನಿಗೆ ಮಾತ್ರ ನಾನು ಸಾಸೇಜ್ ಕೊಡಲ್ಲ. ಅದೇ ಗ್ರಿಲ್ ಮೇಲೆ ತಾಜಾ ಚಿಕನ್‌ಗೆ ನಿಂಬೆರಸ, ಬೆಳ್ಳುಳ್ಳಿ, ಮೆಣಸು ಹಚ್ಚಿ ಸುಡ್ತೀನಿ. ಅದರಲ್ಲಿ ಉಪ್ಪು ಎಷ್ಟಿರಬೇಕು ಅನ್ನೋದು ನನ್ನ ಕೈಯಲ್ಲೇ ಇರುತ್ತೆ.