ಬಿದ್ದ ಮರದ ಮೇಲಣ ಅಣಬೆಗಳು

ಮರವೊಂದು ನೆಲಕ್ಕುರುಳಿತೆಂದರೆ ಅದರ ಬಾಳು ಮುಗಿಯಿತೆಂದು ನಾವು ಎಣಿಸುತ್ತೇವೆ. ಹಸನಾದ ದಿಮ್ಮಿ ಮನೆಗೆ, ಉಳಿದುದು ಒಲೆಗೆ. ಎರಡಕ್ಕೂ ಬಾರದುದನ್ನು ಲಡ್ಡು ಮರವೆಂದು ಕಡೆಗಣಿಸುವುದು ರೂಢಿ. ಆದರೆ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಿನ ಕಾಡಿನಲ್ಲಿ ಅಂಥದೊಂದು ಕೊರಡಿನ ಬಳಿ ತುಸು ಹೊತ್ತು ನಿಂತು ನೋಡಿದವರಿಗೆ, ಅಷ್ಟು ಜೀವ ತುಂಬಿದ ವಸ್ತು ಸುತ್ತಲೂ ವಿರಳವೆಂಬುದು ಮನವರಿಕೆಯಾಗದಿರದು.

ಅಣಬೆಯೆಂದು ನಾವು ಕರೆಯುವುದು ಆ ಜೀವಿಯ ಫಲವನ್ನು ಮಾತ್ರ. ಮಾವಿನ ಮರವೆಲ್ಲ ಮರೆಯಲ್ಲಿದ್ದು ಹಣ್ಣಷ್ಟೇ ಕಣ್ಣಿಗೆ ಬಿದ್ದಂತೆ ಇದು. ನಿಜವಾದ ಶರೀರವು ನೂಲಿಗಿಂತಲೂ ಎಷ್ಟೋ ಪಟ್ಟು ಸಣ್ಣಗಿನ ಎಳೆಗಳ ಬಲೆಯಾಗಿ ಕೊರಡಿನ ಒಳಗೆಲ್ಲ ಹಬ್ಬಿರುತ್ತದೆ. ಅಣಬೆಯು ಗಿಡವಲ್ಲ, ಪ್ರಾಣಿಯೂ ಅಲ್ಲ. ಎಲೆಯ ಹಸುರು ಅದಕ್ಕಿಲ್ಲದ ಕಾರಣ ಬಿಸಿಲಿನ ಬಲದಿಂದ ಆಹಾರ ಮಾಡಿಕೊಳ್ಳಲಾರದು. ಆದುದರಿಂದ ಜೀರ್ಣರಸಗಳನ್ನು ಹೊರಗೇ ಸುರಿಸಿ, ಮರವನ್ನು ಕರಗಿಸಿ, ಆ ಸಾರವನ್ನು ಹೀರಿಕೊಳ್ಳುತ್ತದೆ.

ಈ ಭೋಜನದಲ್ಲಿ ಎರಡು ಪಂಕ್ತಿಗಳುಂಟು. ಮರದಲ್ಲಿ ಸೆಲ್ಯುಲೋಸ್ ಎಂಬುದು ನಾರಿನಂತಿದ್ದರೆ, ಲಿಗ್ನಿನ್ ಎಂಬುದು ಆ ನಾರುಗಳನ್ನು ಗಾರೆಯಂತೆ ಬಿಗಿದಿರುತ್ತದೆ. ಕೆಲವು ಅಣಬೆಗಳು ನಾರನ್ನು ತಿಂದು ಗಾರೆಯನ್ನು ಬಹುಮಟ್ಟಿಗೆ ಉಳಿಸುತ್ತವೆ. ಆಗ ಮರ ಕಂದಾಗಿ, ಚೌಕಚೌಕವಾಗಿ ಬಿರಿದು, ಬೆರಳಲ್ಲಿ ಪುಡಿಯಾಗುತ್ತದೆ. ಮತ್ತೆ ಕೆಲವು ಗಾರೆಯನ್ನೂ ಕರಗಿಸುತ್ತವೆ; ಅಂಥ ಮರ ಬೆಳ್ಳಗಾಗಿ ಎಳೆಎಳೆಯಾಗಿ ಮೆತ್ತಗಾಗುತ್ತದೆ. ಹೀಗೆ ಲಡ್ಡಿನ ಬಣ್ಣವನ್ನು ನೋಡಿಯೇ ಒಳಗೆ ದುಡಿಯುತ್ತಿರುವವರು ಯಾವ ಪಂಕ್ತಿಯವರೆಂದು ಊಹಿಸಬಹುದು. ಲಿಗ್ನಿನ್ನನ್ನು ಮುರಿಯುವ ಸಾಮರ್ಥ್ಯ ಇವುಗಳಷ್ಟು ಬೇರೆ ಜೀವಿಗಳಿಗಿಲ್ಲ. ಈ ಕೆಲಸಗಾರರು ಕೈಕಟ್ಟಿ ಕುಳಿತರೆ ಬಿದ್ದ ಮರಗಳು ಬಿದ್ದಂತೆಯೇ ಒಟ್ಟಿಕೊಂಡು, ಹೊಸ ಸಸಿಗೆ ಸಲ್ಲಬೇಕಾದ ಸಾರವೆಲ್ಲ ಅವುಗಳಲ್ಲೇ ಸೆರೆಯಾಗಿ ಉಳಿದೀತು.

ಇನ್ನು ನೋಡತಕ್ಕವುಗಳನ್ನು ಹೇಳೋಣ. ಒಣ ಕೊಂಬೆಗಳ ಮೇಲೆ ಸಾಲಾಗಿ ಕಾಣುವ, ಬೂದುಬಿಳುಪಿನ, ಮೈಮೇಲೆ ನವಿರುಳ್ಳ ಪುಟ್ಟ ಬೀಸಣಿಗೆಗಳು ಸ್ಕಿಜೋಫಿಲಮ್ ಎಂಬ ಜಾತಿಯವು. ಇವುಗಳ ಅಡಿಯ ಪದರಗಳು ಉದ್ದಕ್ಕೂ ಸೀಳಿರುತ್ತವೆ. ಬಿಸಿಲಾದರೆ ಸೀಳಿನ ಅಂಚುಗಳು ಸುರುಳಿಸುತ್ತಿ ಬೀಜಾಣು ಹುಟ್ಟುವ ಭಾಗವನ್ನು ಮುಚ್ಚುತ್ತವೆ; ತೇವ ತಗುಲಿದೊಡನೆ ಮತ್ತೆ ಬಿಚ್ಚುತ್ತವೆ. ಕೆನಡಾ ದೇಶದಲ್ಲಿ ಪ್ರಾಧ್ಯಾಪಕರಾಗಿದ್ದ ಬುಲ್ಲರ್ ಎಂಬವರು ೧೯೧೧ರಲ್ಲಿ ಇದರ ಒಣ ಮಾದರಿಗಳನ್ನು ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ಮುಚ್ಚಿಟ್ಟಿದ್ದರು. ಸುಮಾರು ೫೦ ವರ್ಷಗಳ ಬಳಿಕ ನೀರು ಸೋಕಿಸಿದಾಗ ಅವು ಬಿಚ್ಚಿಕೊಂಡು ಬೀಜಾಣುಗಳನ್ನು ಚೆಲ್ಲಿದುವು! ಒಣಗಿದುದೆಲ್ಲ ಸತ್ತುದಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮನುಷ್ಯನ ಕಿವಿಯಂತೆ ಜೋಲುವ ಕಂದು ಅಣಬೆ, ಬಿಸಿಲಿಗೆ ಬಿದ್ದ ದಿಮ್ಮಿಯ ಮೇಲೆ ಕುಂಕುಮಗೆಂಪಾಗಿ ಹರಡುವ ಅಣಬೆ, ಅರಗು ಬಳಿದಂತೆ ಹೊಳೆಯುವ ಗಟ್ಟಿಯಾದ ಗ್ಯಾನೊಡರ್ಮ ಇವೂ ಕಾಣಸಿಗುತ್ತವೆ. ಗೂಡಿನ ಹಲಗೆಯಂತೆ ಚಾಚಿರುವ ಅಣಬೆಗಳಲ್ಲಿ ಬೀಜಾಣುಗಳು ಉದುರುವ ಮೈ ಸದಾ ನೆಲದ ಕಡೆಗೇ ಇರುತ್ತದೆ. ಮರ ಉರುಳಿದರೆ ಹೊಸ ಬೆಳವಣಿಗೆಯು ದಿಕ್ಕು ತಿದ್ದಿಕೊಳ್ಳುತ್ತದೆ. ಆದ್ದರಿಂದ ಹಳೆಯ ಹಲಗೆಗಳು ಕೊರಡಿನ ಮೇಲೆ ನೆಟ್ಟಗೆ ನಿಂತಿದ್ದರೆ, ಮರ ನಿಂತಿರುವಾಗಲೇ ಅಣಬೆ ಒಳಹೊಕ್ಕಿತ್ತೆಂದು ತಿಳಿಯಬೇಕು.

ಅಡಕೆ ಬೆಳೆಯುವವರಿಗೆ ಈ ಗ್ಯಾನೊಡರ್ಮದ ಪರಿಚಯ ಬೇರೆ ಬಗೆಯದು. ಅವರು ‘ಅಣಬೆ ರೋಗ’ವೆನ್ನುವುದು ಇದರ ಕುಲದಿಂದಲೇ ಬರುವುದು. ತೋಟದಲ್ಲಿ ರೋಗದಿಂದ ಸತ್ತ ಮರವನ್ನು ಬುಡಸಹಿತ ಕಿತ್ತು ತೆಗೆಯುವುದೇ ಸರಿ. ತೋಟದ ಈ ನ್ಯಾಯವನ್ನು ಕಾಡಿಗೆ ಒಯ್ಯಬಾರದು.

ಗೃಹಿಣಿಯರಿಗೆ ಒಂದು ಎಚ್ಚರಿಕೆಯ ಮಾತು. ಮಲೆನಾಡಿನವರು ಪಲ್ಯಕ್ಕೆ ತರುವ ಹುತ್ತದ ಅಣಬೆಯು ಗೆದ್ದಲು ಸಾಕುವ ಬೇರೆಯೇ ಜಾತಿ; ಕೊರಡಿನ ಅಣಬೆಯನ್ನು ಅದರ ನೆಂಟನೆಂದು ಎಣಿಸಬಾರದು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ, ಹುಳು ತಿಂದಿದ್ದರೆ, ವಿಷವಿಲ್ಲವೆಂಬ ಮಾತುಗಳು ಸುಳ್ಳು. ಅತಿ ಘೋರವಾದ ಅಣಬೆಯ ವಿಷವು ಬೇಯಿಸಿದರೂ ಹೋಗದು. ತಿಂದು ಆರು ಗಂಟೆಗೂ ಹೆಚ್ಚು ಕಾಲ ಏನನ್ನೂ ತೋರಗೊಡದೆ ಅದು ಯಕೃತ್ತನ್ನು ಕೆಡಿಸತೊಡಗುತ್ತದೆ. ಮಕ್ಕಳಿಗೆ ನೋಡುವುದನ್ನು ಕಲಿಸಿರಿ, ಬಾಯಿಗಿಡುವುದನ್ನು ತಪ್ಪಿಸಿರಿ.

ಬೇಕಾದರೆ ಪದರವುಳ್ಳ ಕೊಡೆಯಣಬೆಯೊಂದರ ತಲೆಯನ್ನು ಕಾಗದದ ಮೇಲೆ ಕವುಚಿ, ಲೋಟ ಮುಚ್ಚಿ, ಬೆಳಗಾಗುವವರೆಗೆ ಬಿಡಿರಿ. ಬೀಜಾಣುಗಳು ಉದುರಿ ಪದರಗಳ ರಂಗೋಲಿಯನ್ನೇ ಬರೆದಿರುತ್ತವೆ. ಅನಂತರ ಕೈ ತೊಳೆದುಕೊಂಡರಾಯಿತು.

ಅಣಬೆ ಮೆತ್ತಗೆ ಮಾಡಿದ ಮರದಲ್ಲೇ ಕುಟ್ರುಹಕ್ಕಿ ಗೂಡು ಕೊರೆಯುತ್ತದೆ, ಜೀರುಂಡೆಯ ಮರಿ ಬೆಳೆಯುತ್ತದೆ. ಕೊನೆಗೆ ಅದೇ ಮಣ್ಣಾಗಿ ಸಸಿಗೆ ಆಸರೆಯಾಗುತ್ತದೆ. ಕಾಡನ್ನು ಶುಚಿಗೊಳಿಸುವ ಉತ್ಸಾಹದಲ್ಲಿ ಬಿದ್ದ ಮರಗಳನ್ನೆಲ್ಲ ಸಾಗಿಸಿದರೆ ಮುಂದಿನ ಕಾಡಿನ ಉಣಿಸನ್ನೇ ಸಾಗಿಸಿದಂತೆ. ಆ ಕೊರಡು ಅಲ್ಲಿಯೇ ಇರಲಿ.