ಹಿಂದಿನ ಶತಮಾನಗಳ ಹವೆ, ಕಂಪ್ಯೂಟರಿನ ಲೆಕ್ಕ

ಮುಂದಿನ ಐವತ್ತು ವರ್ಷಗಳಲ್ಲಿ ಭೂಮಿ ಎಷ್ಟು ಬಿಸಿಯಾದೀತು ಎಂದು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುತ್ತಾರೆ. "ನಾಳೆಯ ಮಳೆಯ ಮಾತೇ ತಪ್ಪುತ್ತದೆ, ಇದನ್ನು ನಂಬುವುದು ಹೇಗೆ?" ಎಂದು ರೈತರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೊಂದು ಪರೀಕ್ಷೆಯೆಂದರೆ, ಅದೇ ಲೆಕ್ಕವನ್ನು ಕಳೆದುಹೋದ ಕಾಲಕ್ಕೆ ಹಾಕಿ ನೋಡುವುದು.

ಭೂಮಿಯ ಗಾಳಿಯನ್ನೂ ಸಮುದ್ರವನ್ನೂ ಚೌಕಗಳಾಗಿ ವಿಂಗಡಿಸುತ್ತಾರೆ. ಒಂದು ಚೌಕದಿಂದ ಇನ್ನೊಂದಕ್ಕೆ ಶಾಖ, ಗಾಳಿ, ನೀರಾವಿ ಹೇಗೆ ಸಾಗುತ್ತವೆಂದು ಭೌತಶಾಸ್ತ್ರದ ಸೂತ್ರಗಳಿಂದ ಲೆಕ್ಕ ಹಾಕುತ್ತಾರೆ. ಇದಕ್ಕೆ 'ಹವಾಮಾನ ಮಾದರಿ' ಎಂದು ಹೆಸರು. ಹಿಂದಿನ ಸಾವಿರ ವರ್ಷಗಳಲ್ಲಿ ಸೂರ್ಯನ ಪ್ರಖರತೆಯ ಏರಿಳಿತ, ದೊಡ್ಡ ಜ್ವಾಲಾಮುಖಿಗಳು, ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್, ಕಾಡು ಕಡಿದು ಮಾಡಿದ ಹೊಲ ಮುಂತಾದ ಕಾರಣಗಳನ್ನು ಮಾತ್ರ ಅದಕ್ಕೆ ಕೊಡುತ್ತಾರೆ. ಯಾವ ವರ್ಷ ಎಷ್ಟು ಚಳಿಯಿತ್ತೆಂದು ಹೇಳಿಕೊಡುವುದಿಲ್ಲ. ಅದನ್ನು ಮಾದರಿಯೇ ಲೆಕ್ಕ ಹಾಕಬೇಕು.

ಆಮೇಲೆ ತಾಳೆ ನೋಡುವ ಕೆಲಸ. ಬ್ಯಾಂಕಿನಲ್ಲಿ ಒಬ್ಬರು ಬರೆದ ಲೆಡ್ಜರನ್ನು ಇನ್ನೊಬ್ಬರು ಬರೆದ ಪುಸ್ತಕದೊಡನೆ ತಾಳೆ ನೋಡುತ್ತೇವೆ. ಇಲ್ಲಿ ಆ ಇನ್ನೊಂದು ಪುಸ್ತಕ ಮರದ ಉಂಗುರ, ಧ್ರುವದ ಹಿಮದ ಪದರ, ಹವಳ. ಕೇರಳದ ತೇಗದ ಉಂಗುರಗಳಲ್ಲಿ ಐನೂರು ವರ್ಷಗಳ ಮುಂಗಾರಿನ ಬರದ ಗುರುತುಗಳನ್ನು ಪುಣೆಯ ವಿಜ್ಞಾನಿಗಳು ಓದಿದ್ದಾರೆ.

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯದ ತಂಬೋರ ಪರ್ವತ ಸಿಡಿಯಿತು. ಅದರ ಗಂಧಕದ ಕಣಗಳು ಆಕಾಶದಲ್ಲಿ ಹರಡಿ ಬಿಸಿಲನ್ನು ತಡೆದವು. 1816ರಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಜೂನ್ ತಿಂಗಳಲ್ಲೇ ಹಿಮ ಬಿತ್ತು. ಯೂರೋಪಿನಲ್ಲಿ ಬೆಳೆ ಕೈಕೊಟ್ಟಿತು. ತಂಬೋರವನ್ನು ಸೇರಿಸಿದಾಗ ಮಾದರಿಗಳೂ ಭೂಮಿ ತಂಪಾದುದನ್ನು ತೋರಿಸುತ್ತವೆ. ದೊಡ್ಡ ಜ್ವಾಲಾಮುಖಿಗಳ ನಂತರ ಕೆಲವು ಮಾದರಿಗಳು ಮರದ ಉಂಗುರ ಹೇಳುವುದಕ್ಕಿಂತ ಹೆಚ್ಚು ಚಳಿ ತೋರಿಸಿದ್ದೂ ಉಂಟು. ಹಾಗಾದಾಗ ಎರಡೂ ಪುಸ್ತಕಗಳನ್ನು ಮತ್ತೆ ತೆರೆದು, ವ್ಯತ್ಯಾಸ ಎಲ್ಲಿ ಬಂತೆಂದು ಹುಡುಕುತ್ತಾರೆ.

ಇನ್ನೊಂದು ಲಾಭವಿದೆ. ಒಂದೊಂದೇ ಬಾಬತ್ತನ್ನು ತೆಗೆದು ಲೆಕ್ಕ ಹಾಕಬಹುದು. ಸೂರ್ಯ ಮತ್ತು ಜ್ವಾಲಾಮುಖಿ ಮಾತ್ರ ಇಟ್ಟರೆ 1950ರ ನಂತರ ಏರಿದ ಬಿಸಿ ಉತ್ತರದಲ್ಲಿ ಬರುವುದೇ ಇಲ್ಲ. ಕಲ್ಲಿದ್ದಲು, ಎಣ್ಣೆ ಸುಟ್ಟು ಮನುಷ್ಯ ಬಿಟ್ಟ ಅನಿಲಗಳನ್ನು ಸೇರಿಸಿದರೆ ಬರುತ್ತದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ.

ಆದರೆ ಮಾದರಿಗೆ ಮಿತಿಯೂ ಇದೆ. ಒಂದು ಚೌಕದ ಅಗಲ ಅನೇಕ ವೇಳೆ 100 ಕಿಲೋಮೀಟರ್. ಕಾಸರಗೋಡಿನ ಕಡಲೂ ಕೊಡಗಿನ ಬೆಟ್ಟವೂ ಒಂದೇ ಚೌಕಕ್ಕೆ ಬೀಳಬಹುದು. ಬರುವ ವರ್ಷ ನಿಮ್ಮೂರಿನ ಕೆರೆ ತುಂಬೀತೇ ಎಂದು ಅದನ್ನು ಕೇಳಬಾರದು. ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ಕೇಳಿದರೆ, ಹಳೆಯ ಲೆಕ್ಕ ಒಪ್ಪಿಸಿದ ಮೇಲೆ ಕೊಡುವ ಉತ್ತರ ಅದರ ಬಳಿ ಇದೆ.