ದತ್ತಾಂಶದ ಉಗ್ರಾಣಕ್ಕೂ ಪಾರುಪತ್ಯ ಬೇಕು: ಪೋಸ್ಟ್‌ಗ್ರೆಸ್ ನಿರ್ವಹಣೆಯ ಕೆಲವು ವಿಚಾರಗಳು

ತಿಂಗಳ ಹತ್ತನೆಯ ತಾರೀಖಿನ ಸಂಜೆ ಅನೇಕ ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರ ವಿಭಾಗದಲ್ಲಿ ಕಂಡುಬರುವ ದೃಶ್ಯ ಒಂದೇ. ಮರುದಿನ ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ. ಮಾರಾಟದ ವಹಿಯನ್ನು ತೆಗೆಯಲು ಗುಮಾಸ್ತರು ಗುಂಡಿ ಒತ್ತಿದ್ದಾರೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಎರಡು ವರ್ಷಗಳ ಹಿಂದೆ ಕ್ಷಣಾರ್ಧದಲ್ಲಿ ಬರುತ್ತಿದ್ದ ವರದಿಗೆ ಈಗ ಇಪ್ಪತ್ತು ನಿಮಿಷ ಕಾಯಬೇಕು. ಸರ್ವರ್ ಹಳೆಯದಾಯಿತು, ಹೊಸದನ್ನು ಕೊಳ್ಳಬೇಕು ಎಂಬ ಸಲಹೆ ಅಷ್ಟರಲ್ಲಿ ಮಾಲೀಕರ ಕಿವಿಗೆ ಬಿದ್ದಿರುತ್ತದೆ.

ಹೊಸ ಯಂತ್ರ ಬಂದ ಮೇಲೂ ಕೆಲವು ತಿಂಗಳಲ್ಲಿ ಅದೇ ಕಥೆ ಮರುಕಳಿಸುವುದುಂಟು. ದೋಷ ಬಹುಪಾಲು ಯಂತ್ರದ್ದಲ್ಲ. ಅದರೊಳಗೆ ಕುಳಿತಿರುವ ದತ್ತಸಂಚಯ, ಅಂದರೆ ಡೇಟಾಬೇಸ್, ಸ್ಥಾಪನೆಯಾದ ದಿನದಿಂದ ಯಾರ ಆರೈಕೆಯನ್ನೂ ಕಂಡಿರುವುದಿಲ್ಲ.

ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶವೆಂಬ ಕಾರಣಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಂದು ಸಣ್ಣ ಉದ್ದಿಮೆಗಳನ್ನೂ ತಲುಪಿದೆ. ಒಡೂ ಎಂಬ ಉದ್ಯಮ ನಿರ್ವಹಣಾ ತಂತ್ರಾಂಶ ನಡೆಯುವುದು ಇದರ ಮೇಲೆಯೇ. ಮುಂಬಯಿಯಲ್ಲಿ ರೂಪುಗೊಂಡ ಇಆರ್‌ಪಿ ನೆಕ್ಸ್ಟ್ ಸಾಮಾನ್ಯವಾಗಿ ಮರಿಯಾ ಡಿಬಿಯನ್ನು ಬಳಸುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆ 1996ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಕೂಡ ಇದನ್ನು ವ್ಯಾಪಕವಾಗಿ ಬಳಸುತ್ತದೆ. ಆದ್ದರಿಂದ ಇದರ ಸಾಮರ್ಥ್ಯದ ಬಗೆಗೆ ಸಂದೇಹ ಬೇಕಿಲ್ಲ. ಆದರೆ ಅಂತಹ ಸಂಸ್ಥೆಗಳಲ್ಲಿ ಅದನ್ನು ನೋಡಿಕೊಳ್ಳುವವರಿದ್ದಾರೆ ಎಂಬುದನ್ನು ಮರೆಯಬಾರದು.

ಸತ್ತ ಸಾಲುಗಳ ರಾಶಿ

ಪೋಸ್ಟ್‌ಗ್ರೆಸ್ಸಿನ ಒಂದು ವಿಶೇಷ ಗುಣವನ್ನು ಅರಿತರೆ ಅರ್ಧ ಸಮಸ್ಯೆ ಅರ್ಥವಾಗುತ್ತದೆ. ಒಂದು ಬಿಲ್ಲಿನ ಮೊತ್ತವನ್ನು ತಿದ್ದಿದಾಗ ಅದು ಹಳೆಯ ಸಾಲನ್ನು ಅಳಿಸಿ ಅದೇ ಜಾಗದಲ್ಲಿ ಬರೆಯುವುದಿಲ್ಲ. ಹೊಸ ಸಾಲನ್ನು ಬೇರೆಡೆ ಬರೆದು, ಹಳೆಯದನ್ನು ಅಲ್ಲಿಯೇ ಬಿಡುತ್ತದೆ. ಅದೇ ಕ್ಷಣದಲ್ಲಿ ಇನ್ನೊಬ್ಬ ಗುಮಾಸ್ತರು ವರದಿ ತೆಗೆಯುತ್ತಿದ್ದರೆ ಅವರ ಲೆಕ್ಕ ಮಧ್ಯದಲ್ಲಿ ಬದಲಾಗಬಾರದೆಂಬುದೇ ಇದರ ಉದ್ದೇಶ. ವ್ಯವಸ್ಥೆ ಒಳ್ಳೆಯದೇ, ಆದರೆ ದಿನಕ್ಕೆ ಹತ್ತಾರು ಬಾರಿ ಬದಲಾಗುವ ದಾಸ್ತಾನು ಕೋಷ್ಟಕದಲ್ಲಿ ಇಂತಹ ಸತ್ತ ಸಾಲುಗಳು ಬೇಗನೆ ಗುಡ್ಡೆಯಾಗುತ್ತವೆ. ಖಾಲಿ ಗೋಣಿಗಳಿಂದ ತುಂಬಿದ ಉಗ್ರಾಣದಲ್ಲಿ ಒಂದು ಮೂಟೆ ಅಕ್ಕಿ ಹುಡುಕಿದ ಹಾಗೆ, ಪ್ರತಿ ವರದಿಯೂ ಈ ರಾಶಿಯನ್ನು ದಾಟಿಯೇ ಹೋಗಬೇಕಾಗುತ್ತದೆ.

ಈ ಗೋಣಿಗಳನ್ನು ತೆಗೆಯುವ ಕೆಲಸಕ್ಕೆ ವ್ಯಾಕ್ಯೂಮ್ ಎಂದು ಹೆಸರು. 2008ರ 8.3ನೇ ಆವೃತ್ತಿಯಿಂದ ಇದು ತಾನಾಗಿಯೇ ನಡೆಯುವಂತೆ ಹೊಂದಿಸಲಾಗಿದೆ. ಹಾಗಿದ್ದರೆ ತೊಂದರೆ ಏನು? ಮೂಲ ಹೊಂದಾಣಿಕೆಯ ಪ್ರಕಾರ ಕೋಷ್ಟಕದ ಶೇಕಡಾ 20ರಷ್ಟು ಮತ್ತು ಮೇಲೆ 50 ಸಾಲುಗಳು ಸತ್ತ ನಂತರವಷ್ಟೇ ಗುಡಿಸುವ ಕೆಲಸ ಆರಂಭವಾಗುತ್ತದೆ. ಐದು ಸಾವಿರ ಸಾಲಿನ ಕೋಷ್ಟಕಕ್ಕೆ ಇದು ಸರಿ. ಹತ್ತು ಲಕ್ಷ ಸಾಲುಗಳಿದ್ದರೆ ಎರಡು ಲಕ್ಷ ದಾಟುವವರೆಗೆ ಯಾರೂ ಕಸಬರಿಗೆ ಹಿಡಿಯುವುದಿಲ್ಲ. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳ ಕಾಲ ಕಾಪಾಡಬೇಕಾಗಿರುವುದರಿಂದ ಕೋಷ್ಟಕಗಳು ಬೆಳೆಯುತ್ತಲೇ ಇರುತ್ತವೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಹೆಚ್ಚು ತಿದ್ದುಪಡಿಯಾಗುವ ಒಂದೆರಡು ಕೋಷ್ಟಕಗಳಿಗೆ ಮಾತ್ರ ಈ ಪ್ರಮಾಣವನ್ನು ಶೇಕಡಾ 2ಕ್ಕೆ ಇಳಿಸುವುದು ಹತ್ತು ನಿಮಿಷದ ಕೆಲಸ.

ಒಂದು ಎಚ್ಚರಿಕೆ. ವ್ಯಾಕ್ಯೂಮ್ ಫುಲ್ ಎಂಬ ಇನ್ನೊಂದು ಆಜ್ಞೆ ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯುತ್ತದೆ, ಮತ್ತು ಅದು ಮುಗಿಯುವವರೆಗೆ ಆ ಕೋಷ್ಟಕಕ್ಕೆ ಬೀಗ ಬೀಳುತ್ತದೆ. ಅತ್ಯುತ್ಸಾಹಿ ತಂತ್ರಜ್ಞರು ಅದನ್ನು ವ್ಯಾಪಾರದ ವೇಳೆಯಲ್ಲಿ ಓಡಿಸಿದರೆ ಬಿಲ್ಲಿಂಗ್ ಕೌಂಟರ್ ನಿಂತುಬಿಡುತ್ತದೆ.

ಸೂಚಿಯಿಲ್ಲದ ವಹಿ

ನಿಧಾನಕ್ಕೆ ಎರಡನೆಯ ಸಾಮಾನ್ಯ ಕಾರಣ ಇಂಡೆಕ್ಸ್, ಅರ್ಥಾತ್ ಸೂಚಿಯ ಕೊರತೆ. ಪೋಸ್ಟ್‌ಗ್ರೆಸ್ ಪ್ರಧಾನ ಕೀಲಿಗೆ ತಾನೇ ಸೂಚಿ ನಿರ್ಮಿಸುತ್ತದೆ. ಆದರೆ ಬಿಲ್ಲಿನ ಕೋಷ್ಟಕದಲ್ಲಿ ಗಿರಾಕಿಯ ಸಂಖ್ಯೆಯನ್ನು ಸೂಚಿಸುವ ಅಂಕಣಕ್ಕೆ, ಅಂದರೆ ಫಾರಿನ್ ಕೀಗೆ, ನಿರ್ಮಿಸುವುದಿಲ್ಲ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿಯಲ್ಲಿ ಇದು ತಾನಾಗಿ ಆಗುವುದರಿಂದ, ಅಲ್ಲಿಂದ ಬಂದ ತಂತ್ರಜ್ಞರು ಇಲ್ಲಿ ಎಡವುತ್ತಾರೆ. ಪರಿಣಾಮವಾಗಿ ಒಬ್ಬ ಗಿರಾಕಿಯ ಬಾಕಿ ತಿಳಿಯಲು ಇಡೀ ವಹಿಯನ್ನು ಮೊದಲ ಪುಟದಿಂದ ಓದಬೇಕಾಗುತ್ತದೆ. ಎಕ್ಸ್‌ಪ್ಲೇನ್ ಅನಲೈಸ್ ಎಂಬ ಆಜ್ಞೆಯನ್ನು ಪ್ರಶ್ನೆಯ ಮುಂದೆ ಸೇರಿಸಿದರೆ ಯಾವ ಹಂತದಲ್ಲಿ ಎಷ್ಟು ಸಮಯ ಹೋಯಿತೆಂದು ಅದು ತೋರಿಸುತ್ತದೆ. ಅದು ಪ್ರಶ್ನೆಯನ್ನು ನಿಜವಾಗಿಯೂ ನಡೆಸುತ್ತದೆ ಎಂಬುದು ನೆನಪಿರಲಿ. ಅಳಿಸುವ ಆಜ್ಞೆಯ ಮುಂದೆ ಸೇರಿಸಿದರೆ ಸಾಲುಗಳು ಅಳಿದೇಹೋಗುತ್ತವೆ. ಇನ್ನು, ಸಿಕ್ಕ ಸಿಕ್ಕ ಅಂಕಣಕ್ಕೆಲ್ಲ ಸೂಚಿ ಕಟ್ಟುವುದೂ ತರವಲ್ಲ. ಪ್ರತಿ ಹೊಸ ಬಿಲ್ಲಿಗೂ ಅಷ್ಟೂ ಸೂಚಿಗಳಲ್ಲಿ ನಮೂದು ಮಾಡಬೇಕಾಗಿ ಬಿಲ್ಲಿಂಗ್ ನಿಧಾನವಾಗುತ್ತದೆ.

ಸ್ಮರಣೆಯ ವಿಷಯ ಸಂಕ್ಷೇಪವಾದುದು. ಷೇರ್ಡ್ ಬಫರ್ಸ್ ಎಂಬ ಹೊಂದಾಣಿಕೆಯ ಮೂಲ ಮೌಲ್ಯ ಕೇವಲ 128 ಎಂಬಿ. 16 ಜಿಬಿ ಸ್ಮರಣೆಯ ಯಂತ್ರವನ್ನು ದತ್ತಸಂಚಯಕ್ಕೆಂದೇ ಮೀಸಲಿಟ್ಟಿದ್ದರೆ ಅದರ ಕಾಲುಭಾಗ, ಅಂದರೆ 4 ಜಿಬಿ, ಕೊಡುವುದು ಒಪ್ಪಿತ ಆರಂಭ. ವರ್ಕ್ ಮೆಮ್ ಎಂಬುದನ್ನು ಮಾತ್ರ ಅಂಕೆಯಿಲ್ಲದೆ ಏರಿಸಬಾರದು. ಅದು ಒಟ್ಟು ಮಿತಿಯಲ್ಲ, ಪ್ರತಿ ಸಂಪರ್ಕದ ಪ್ರತಿ ವಿಂಗಡಣೆಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ವೇಗದ ಹೆಸರಿನಲ್ಲಿ ಎಫ್‌ಸಿಂಕ್ ಎಂಬ ಹೊಂದಾಣಿಕೆಯನ್ನು ನಿಲ್ಲಿಸುವ ಸಲಹೆಯೂ ಕೇಳಿಬರುವುದುಂಟು. ಇದಕ್ಕೆ ಕಿವಿಗೊಡಬಾರದು. ಬರೆದದ್ದು ಡಿಸ್ಕಿಗೆ ನಿಜವಾಗಿ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ಕ್ರಮ ಅದು. ಅದನ್ನು ನಿಲ್ಲಿಸಿದ ಯಂತ್ರದಲ್ಲಿ ಒಮ್ಮೆ ವಿದ್ಯುತ್ ಕಡಿತವಾದರೆ ಇಡೀ ದತ್ತಸಂಚಯ ರಿಪೇರಿಯಾಗದಷ್ಟು ಕೆಡಬಹುದು.

ಐದು ಬಗೆಯ ಪ್ರತಿ, ಒಂದೂ ಒದಗಲಿಲ್ಲ

ನಿಧಾನವಾದ ವರದಿಯಿಂದ ಒಂದು ಸಂಜೆ ಹಾಳಾದೀತು. ವಹಿಯೇ ಕಳೆದುಹೋದರೆ ವ್ಯಾಪಾರವೇ ನಿಲ್ಲುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ನಡೆದುದನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಇಂತಹ ಪ್ರಾಮಾಣಿಕತೆ ವ್ಯಾಪಾರ ಲೋಕದಲ್ಲಿ ಅಪರೂಪ. ರಾತ್ರಿ ಹೊತ್ತು ದಣಿದಿದ್ದ ಎಂಜಿನಿಯರ್ ಒಬ್ಬರು ಉಪ ಸರ್ವರಿನ ದತ್ತಾಂಶವನ್ನು ಅಳಿಸುತ್ತಿದ್ದೇನೆಂದು ಭಾವಿಸಿ ಮುಖ್ಯ ಸರ್ವರಿನಲ್ಲಿ ಆಜ್ಞೆ ನೀಡಿದರು. ಒಂದೆರಡು ಕ್ಷಣದಲ್ಲೇ ತಪ್ಪು ತಿಳಿದು ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ಇರಲಿಲ್ಲವೇ? ಐದು ಬಗೆಯ ಏರ್ಪಾಡುಗಳಿದ್ದವು. ದಿನನಿತ್ಯದ ಪ್ರತಿ ತೆಗೆಯುವ ಪಿಜಿ ಡಂಪ್ ಎಂಬ ಸಾಧನ 9.2ನೇ ಆವೃತ್ತಿಯದು, ದತ್ತಸಂಚಯವೋ 9.6ನೇ ಆವೃತ್ತಿಯದು. ಎರಡಕ್ಕೂ ಹೊಂದದೆ ಪ್ರತಿದಿನ ಬ್ಯಾಕಪ್ ವಿಫಲವಾಗುತ್ತಿತ್ತು. ವೈಫಲ್ಯ ತಿಳಿಸುವ ಇ-ಮೇಲ್‌ಗಳು ಸಹಿಯಿಲ್ಲದ ಕಾರಣ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು ಮತ್ತಾವುದೋ ಪರೀಕ್ಷೆಗಾಗಿ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಆ ನಡುವಿನ ಆರು ಗಂಟೆಗಳ ದಾಖಲೆ ಮರಳಲಿಲ್ಲ.

ವರ್ತಕರಿಗೆ ಇದು ಬರಿಯ ಜಾಣತನದ ಪ್ರಶ್ನೆಯಾಗಿ ಉಳಿದಿಲ್ಲ. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳು ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇರಿಸಬೇಕೆಂದು 2022ರ ತಿದ್ದುಪಡಿ ನಿಯಮ ಹೇಳುತ್ತದೆ. 2023ರ ಏಪ್ರಿಲ್ 1ರಿಂದ ಆರಂಭವಾಗುವ ಲೆಕ್ಕ ವರ್ಷಗಳಿಗೆ ಪ್ರತಿ ತಿದ್ದುಪಡಿಯ ಜಾಡು ಉಳಿಸುವ, ಆ ಜಾಡನ್ನು ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕು. ತಂತ್ರಾಂಶವನ್ನು ಬದಿಗಿಟ್ಟು ದತ್ತಸಂಚಯದಲ್ಲಿ ನೇರವಾಗಿ ಕೈಯಾಡಿಸಿದರೆ ಆ ಜಾಡು ತಪ್ಪಿಹೋಗಬಹುದು. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ಎರಡು ನಿಯಮಗಳು ಅನ್ವಯಿಸುವುದಿಲ್ಲ.

ವಾರ್ಷಿಕ ನಿರ್ವಹಣಾ ಕರಾರಿಗೆ ಸಹಿ ಹಾಕುವ ಮುನ್ನ ಮಾಲೀಕರು ಸರಬರಾಜುದಾರರನ್ನು ಕೇಳಬಹುದಾದುದು ಸರಳವಾಗಿದೆ. ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ನಿನ್ನೆಯ ಕೊನೆಯ ಬಿಲ್ಲಿನ ಸಂಖ್ಯೆಯನ್ನು ಅದರಲ್ಲಿ ತೋರಿಸಿದ್ದು ಯಾವ ತಾರೀಖಿನಂದು? ಮೂರು ತಿಂಗಳಿಗೊಮ್ಮೆ ಹೀಗೆ ತೋರಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಬಹುದು. ಯಾವ ಆವೃತ್ತಿ ಬಳಕೆಯಲ್ಲಿದೆ ಎಂಬುದನ್ನೂ ಬರೆಸಬೇಕು. ಪೋಸ್ಟ್‌ಗ್ರೆಸ್ಸಿನ ಪ್ರತಿ ಪ್ರಮುಖ ಆವೃತ್ತಿಗೆ ಐದು ವರ್ಷ ಮಾತ್ರ ತಿದ್ದುಪಡಿಗಳು ದೊರೆಯುತ್ತವೆ. ದತ್ತಸಂಚಯದ ಪರಮಾಧಿಕಾರದ ಗುಪ್ತಪದ ಯಾರ ಯಾರ ಬಳಿ ಇದೆಯೆಂಬ ಪಟ್ಟಿಯೂ ಅದೇ ಕಡತದಲ್ಲಿರಲಿ. ಕೆಲಸ ಬಿಟ್ಟುಹೋದ ತಂತ್ರಜ್ಞರ ಹೆಸರು ಇನ್ನೂ ಅದರಲ್ಲಿದ್ದರೆ ಗುಪ್ತಪದವನ್ನು ಅಂದೇ ಬದಲಿಸಬೇಕಾಗುತ್ತದೆ.